ಹೊಗೆಯಲ್ಲಿ ಹೋಗುತ್ತಿದ್ದ ಸರಕು

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮ ಗಾದೆ. ಸರಕಿಲ್ಲದೆಯೂ ಹೊಗೆಯಾಡದು ಎಂದು ರಸಾಯನಶಾಸ್ತ್ರವನ್ನು ಬಲ್ಲವರು ಅದಕ್ಕೆ ಸೇರಿಸಬಹುದು. ಸೌದೆಯ ಒಲೆಯುಳ್ಳ ಅಡಿಗೆಮನೆಯ ಸೂರಿನಿಂದ ಜೋತುಬೀಳುವ ಇಲ್ಲಣವು ಬೇರೇನೂ ಅಲ್ಲ, ಉರಿಯದೆ ತಪ್ಪಿಸಿಕೊಂಡ ಇಂಗಾಲವೇ ಅದರ ಬಹುಭಾಗ. ಸೀಸವನ್ನು ಕರಗಿಸುವ ಕುಲುಮೆಯ ಹೊಗೆಯಲ್ಲಿ ಸೀಸವಿರುತ್ತದೆ. ತಾಮ್ರದ ಕುಲುಮೆಯ ಹೊಗೆಯಲ್ಲಿ ತಾಮ್ರದೊಡನೆ ಆರ್ಸೆನಿಕ್ ಎಂಬ ಪಾಷಾಣವೂ ಇರುತ್ತದೆ. ಸಿಮೆಂಟಿನ ಗೂಡಿನ ಹೊಗೆಯಲ್ಲಿ ಸಿಮೆಂಟಿನ ಹುಡಿಯೇ ಹಾರಿಹೋಗುತ್ತದೆ. ಕಾರ್ಖಾನೆಯ ಒಡೆಯನಿಗೆ ಇದು ನಷ್ಟ. ನೆರೆಯ ರೈತನಿಗೆ ಇದು ವಿಷ. ಈ ಎರಡು ಸಂಕಟಗಳಿಗೂ ಒಂದೇ ಪರಿಹಾರವನ್ನು ಹುಡುಕಿದ ರಸಾಯನಶಾಸ್ತ್ರದ ಉಪಾಧ್ಯಾಯನೊಬ್ಬನ ಮತ್ತು ಆತನ ಉಪಕರಣವನ್ನು ಆಧರಿಸಿ ಹುಟ್ಟಿದ ಇಂಜಿನಿಯರಿಂಗ್ ಸಂಸ್ಥೆಗಳ ವೃತ್ತಾಂತವನ್ನು ಇಲ್ಲಿ ವಿವರಿಸಲಾಗಿದೆ.

ಹೊಗೆಯಲ್ಲಿರುವ ಸರಕನ್ನು ಹಿಡಿಯುವುದೇಕೆ ಕಷ್ಟ ಎಂಬುದನ್ನು ಮೊದಲು ತಿಳಿಯಬೇಕು. ದಪ್ಪ ಧೂಳನ್ನು ಹಿಡಿಯುವುದು ಸುಲಭ. ಹೊಗೆ ಹರಿಯುವ ದಾರಿಯನ್ನು ಅಗಲಗೊಳಿಸಿದರೆ ಅದರ ವೇಗ ಕುಗ್ಗಿ, ಧೂಳು ತಾನಾಗಿಯೇ ತಳಕ್ಕಿಳಿಯುತ್ತದೆ. ಇಂಗ್ಲೆಂಡಿನ ಉತ್ತರದ ಬೆಟ್ಟಗಳಲ್ಲಿದ್ದ ಹಳೆಯ ಸೀಸದ ಕಾರ್ಖಾನೆಗಳು ಇದಕ್ಕಾಗಿಯೇ ಮೈಲಿಗಟ್ಟಲೆ ಉದ್ದದ ಹೊಗೆನಾಳಗಳನ್ನು ನೆಲದ ಮೇಲೆ ಕಟ್ಟಿದ್ದವು. ಆಗಾಗ ಕುಲುಮೆಯನ್ನಾರಿಸಿ, ಕೂಲಿಯವರನ್ನು ನಾಳದೊಳಕ್ಕೆ ಇಳಿಸಿ, ಗೋಡೆಗೆ ಅಂಟಿದ ಸೀಸವನ್ನು ಕೆರೆದು ತೆಗೆಸುತ್ತಿದ್ದರು. ಆ ಕೆಲಸ ಎಂತಹುದಾಗಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಇಷ್ಟಾದರೂ ನಯವಾದ ಕಣಗಳು ಕೈಗೆ ಸಿಗುತ್ತಿರಲಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ವ್ಯಾಸವುಳ್ಳ ನೀರಿನ ಹನಿಯೊಂದು ನಿಶ್ಚಲವಾದ ಗಾಳಿಯಲ್ಲಿ ಒಂದು ಗಂಟೆಗೆ ಇಳಿಯುವ ದೂರ ಕೇವಲ ೧೨ ಸೆಂಟಿಮೀಟರಿನಷ್ಟು. ಹೊಗೆಯಾದರೋ ಕೊಳವೆಯಲ್ಲಿ ಸೆಕೆಂಡಿಗೆ ಹಲವು ಮೀಟರುಗಳ ವೇಗದಿಂದ ಮೇಲೇರುತ್ತಿರುತ್ತದೆ. ಅಂದಮೇಲೆ ಭೂಮಿಯ ಆಕರ್ಷಣೆಯನ್ನು ನಂಬಿ ಕುಳಿತರೆ ಪ್ರಯೋಜನವಿಲ್ಲ. ಬಟ್ಟೆಯಲ್ಲಿ ಸೋಸೋಣವೆಂದರೆ, ಬಿಸಿ ಹೊಗೆ ಬಟ್ಟೆಯನ್ನು ಸುಡುತ್ತದೆ. ಆಮ್ಲದ ಮಂಜು ಅದನ್ನು ತಿಂದುಹಾಕುತ್ತದೆ.

ಭೂಮಿಯ ಆಕರ್ಷಣೆಗಿಂತ ಬಲವಾದ ಸೆಳೆತವೊಂದು ಬೇಕು. ಕೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಮೇಲಕ್ಕೆಳೆಯುವುದನ್ನು ಎಲ್ಲರೂ ಬಲ್ಲರು. ಇಡೀ ಭೂಮಿ ಕೆಳಕ್ಕೆಳೆಯುತ್ತಿರುವ ಚೂರನ್ನು ಅಂಗೈಯುದ್ದದ ಬಾಚಣಿಗೆ ಗೆದ್ದುಕೊಳ್ಳುತ್ತದೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಹೋಲ್‌ಫೆಲ್ಡ್ ಎಂಬ ಉಪಾಧ್ಯಾಯನು ೧೮೨೪ರಲ್ಲಿಯೇ ಗಾಜಿನ ಪಾತ್ರೆಯೊಂದರಲ್ಲಿ ಹೊಗೆಯನ್ನು ತುಂಬಿ, ವಿದ್ಯುತ್ತನ್ನು ಹೊತ್ತ ತಂತಿಯ ತುದಿಯನ್ನು ಅದರಲ್ಲಿ ಇಳಿಬಿಟ್ಟು, ಹೊಗೆ ತಿಳಿಯಾಗುವುದನ್ನು ತೋರಿಸಿದ್ದನು. ಅದು ಮರೆತುಹೋಯಿತು. ೧೮೮೪ರ ಸುಮಾರಿಗೆ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಅದನ್ನೇ ಮತ್ತೆ ಕಂಡನು. ಆತನ ಸಲಹೆಯಂತೆ ವೇಲ್ಸಿನ ಬ್ಯಾಗಿಲ್ಟ್ ಎಂಬಲ್ಲಿ ಸೀಸದ ಕಾರ್ಖಾನೆಯೊಂದಕ್ಕೆ ಈ ವಿಧಾನವನ್ನು ಅಳವಡಿಸಿದರು. ಪ್ರಯತ್ನ ಸೋತಿತು. ತತ್ತ್ವ ಸರಿಯಾಗಿಯೇ ಇತ್ತು. ಆದರೆ ಗಾಜಿನ ಬಿಲ್ಲೆಗಳನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುವ ಅಂದಿನ ವಿಮ್ಸ್‌ಹರ್ಸ್ಟ್ ಯಂತ್ರವು ಪ್ರಯೋಗಶಾಲೆಯ ಮೇಜಿಗೆ ತಕ್ಕದ್ದೇ ಹೊರತು ಕಾರ್ಖಾನೆಯ ಹೊಗೆಗೆ ತಕ್ಕದ್ದಾಗಿರಲಿಲ್ಲ.

ಸಂಜೆಯ ನೇರಿಳೆ ಬೆಳಕು

ಫ್ರೆಡರಿಕ್ ಗಾರ್ಡ್‌ನರ್ ಕಾಟ್ರೆಲ್ ೧೮೭೭ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ನಗರದಲ್ಲಿ ಜನಿಸಿದನು. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, ಕೆಲಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿ, ಹಣ ಕೂಡಿಸಿಕೊಂಡು ಜರ್ಮನಿಗೆ ಹೋದನು. ವಾಂಟ್ ಹಾಫ್ ಮತ್ತು ಆಸ್ಟ್‌ವಾಲ್ಡ್ ಎಂಬ ಮಹಾರಸಾಯನಶಾಸ್ತ್ರಜ್ಞರ ಬಳಿ ಅಭ್ಯಾಸ ಮಾಡಿ ೧೯೦೨ರಲ್ಲಿ ಡಾಕ್ಟರೇಟ್ ಪಡೆದು, ಬರ್ಕ್ಲಿಗೇ ಹಿಂದಿರುಗಿ ಅಧ್ಯಾಪಕನಾದನು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ ಪಿನೋಲ್ ಎಂಬಲ್ಲಿ ಡ್ಯುಪಾಂಟ್ ಕಂಪನಿಯ ಸಿಡಿಮದ್ದಿನ ಕಾರ್ಖಾನೆಯಿತ್ತು. ಸಿಡಿಮದ್ದಿಗೆ ಗಂಧಕಾಮ್ಲ ಬೇಕು. ಅದರ ತಯಾರಿಕೆಯಲ್ಲಿ ಅನಿಲದೊಡನೆ ಬರುತ್ತಿದ್ದ ಆರ್ಸೆನಿಕ್ ಕ್ರಿಯಾವರ್ಧಕವನ್ನು ಕೆಡಿಸುತ್ತಿತ್ತು. ಅದನ್ನು ತೊಳೆದು ತೆಗೆಯಹೋದರೆ ಆಮ್ಲವು ಮಂಜಿನಂತಾಗಿ, ಏನು ಮಾಡಿದರೂ ಕೆಳಗಿಳಿಯುತ್ತಿರಲಿಲ್ಲ. ಈ ಮಂಜನ್ನು ಹಿಡಿಯುವ ಕೆಲಸ ಕಾಟ್ರೆಲನ ಪಾಲಿಗೆ ಬಂದಿತು. ಮೊದಲು ಆತನು ಮಜ್ಜಿಗೆಯಿಂದ ಬೆಣ್ಣೆ ಬೇರ್ಪಡಿಸುವ ರೀತಿಯಲ್ಲಿ, ಅನಿಲವನ್ನು ಗಿರಗಿರನೆ ತಿರುಗಿಸಿ ನೋಡಿದನು. ಅದು ಸಾಲದೆಂದು ಕಂಡು, ೧೯೦೬ರಲ್ಲಿ ಲಾಡ್ಜನ ಮರೆತುಹೋದ ವಿಧಾನವನ್ನು ಕೈಗೆತ್ತಿಕೊಂಡನು.

ಲಾಡ್ಜನಿಗಿಲ್ಲದಿದ್ದ ಅನುಕೂಲವೊಂದು ಕಾಟ್ರೆಲನಿಗೆ ಇದ್ದಿತು. ಅಷ್ಟು ಹೊತ್ತಿಗೆ ಪಟ್ಟಣಗಳಿಗೆ ಪರ್ಯಾಯ ವಿದ್ಯುತ್ತು ಬಂದಿತ್ತು. ಪರಿವರ್ತಕದ ನೆರವಿನಿಂದ ಅದರ ಒತ್ತಡವನ್ನು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸುವುದು ಸುಲಭವಾಗಿತ್ತು. ಆದರೆ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಎಷ್ಟೋ ಸಲ ದಿಕ್ಕು ಬದಲಿಸುತ್ತದೆ. ಒಮ್ಮೆ ಗೋಡೆಯ ಕಡೆಗೆ ಎಳೆದ ಕಣವನ್ನು ಮರುಗಳಿಗೆಯಲ್ಲಿಯೇ ಹಿಂದಕ್ಕೆಳೆದರೆ ಫಲವೇನು? ಆದುದರಿಂದ ಪ್ರವಾಹದ ತಾಳಕ್ಕೆ ಸರಿಯಾಗಿ ತಿರುಗುವ ಬಿಲ್ಲೆಯೊಂದನ್ನು ಅಳವಡಿಸಿ, ಅದು ದಿಕ್ಕು ಬದಲಿಸಿದಾಗಲೆಲ್ಲ ಸಂಪರ್ಕಗಳನ್ನೂ ಅದಲುಬದಲು ಮಾಡುತ್ತ, ಏಕಮುಖವಾದ ಉಚ್ಚ ಒತ್ತಡದ ವಿದ್ಯುತ್ತನ್ನು ಪಡೆದನು.

ಇನ್ನೂ ಒಂದು ತೊಡಕಿತ್ತು. ವಿದ್ಯುತ್ತನ್ನು ಹೊಗೆಯೊಳಕ್ಕೆ ಸಮನಾಗಿ ಹರಡುವುದು ಹೇಗೆ? ಇದಕ್ಕಾಗಿ ಚೂಪಾದ ಮೊನೆಗಳನ್ನು ಸಾಲಾಗಿ ಜೋಡಿಸಿ ಪ್ರಯೋಗಗಳು ನಡೆಯುತ್ತಿದ್ದವು. ಒಂದು ದಿನ ಮುಸ್ಸಂಜೆಯ ಹೊತ್ತಿನಲ್ಲಿ ಕಾಟ್ರೆಲನ ದೃಷ್ಟಿ ಆ ಮೊನೆಗಳಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದ ತಂತಿಯ ಮೇಲೆ ಬಿದ್ದಿತು. ಅದು ಹತ್ತಿಯ ನೂಲು ಸುತ್ತಿದ ಸಾಮಾನ್ಯ ತಂತಿ. ಮೊನೆಗಳಲ್ಲಿ ಅಲ್ಲಲ್ಲಿ ಮಾತ್ರ ಬೆಳಕು ಕಾಣುತ್ತಿದ್ದರೆ, ಈ ತಂತಿಯ ಉದ್ದಕ್ಕೂ ಮಂದವಾದ ನೇರಿಳೆ ಬೆಳಕು ಬೆಳಗುತ್ತಿತ್ತು. ನೂಲಿನ ಜುಂಗಿನ ಒಂದೊಂದು ಎಳೆಯೂ ಯಾವ ಸೂಜಿಗಿಂತಲೂ ಚೂಪಾದ ಮೊನೆಯಾಗಿ ಕೆಲಸ ಮಾಡುತ್ತಿದ್ದಿತು! ಕಾರ್ಖಾನೆಯ ಬಿಸಿಗೆ ಹತ್ತಿ ನಿಲ್ಲದೆಂದು ಆತನು ಅದರ ಬದಲು ಕಲ್ನಾರನ್ನು ಬಳಸಿದನು. ಈ ಉಪಕರಣಕ್ಕೆ ೧೯೦೮ರಲ್ಲಿ ಪೇಟೆಂಟು ದೊರೆಯಿತು. ಅದನ್ನೇ ಇಂದು ಸ್ಥಾಯೀವಿದ್ಯುತ್ ಧೂಳುಗ್ರಾಹಕ ಎನ್ನುತ್ತಾರೆ.

ಅದು ಕೆಲಸ ಮಾಡುವ ಬಗೆ ಹೀಗಿದೆ. ಅಗಲವಾದ ಲೋಹದ ಕೊಳವೆಯೊಂದರ ಅಥವಾ ಎದುರುಬದುರಾಗಿ ನಿಲ್ಲಿಸಿದ ಎರಡು ತಗಡುಗಳ ನಡುವೆ ತೆಳುವಾದ ತಂತಿಯನ್ನು ತೂಗುಬಿಡುತ್ತಾರೆ. ತಗಡುಗಳು ಭೂಮಿಗೆ ಸಂಪರ್ಕ ಹೊಂದಿರುತ್ತವೆ. ತಂತಿಗೆ ಋಣ ವಿದ್ಯುತ್ತಿನ ಉಚ್ಚ ಒತ್ತಡವನ್ನು ಕೊಡುತ್ತಾರೆ. ತಂತಿ ತೆಳುವಾಗಿರುವುದರಿಂದ ಅದರ ಮೈ ಸುತ್ತ ವಿದ್ಯುತ್‌ಕ್ಷೇತ್ರವು ಅತಿ ತೀವ್ರವಾಗಿ, ಅಲ್ಲಿಯ ಅನಿಲದ ಅಣುಗಳು ಒಡೆದು ಎಲೆಕ್ಟ್ರಾನುಗಳನ್ನು ಚೆಲ್ಲುತ್ತವೆ. ನೇರಿಳೆ ಬೆಳಕು ಈ ಒಡೆತದ ಕುರುಹು. ಎಲೆಕ್ಟ್ರಾನುಗಳು ತಂತಿಯಿಂದ ದೂರ ಸರಿಯುತ್ತ ಬೇರೆ ಅಣುಗಳಿಗೆ ಅಂಟಿಕೊಂಡು ಅವುಗಳನ್ನು ಋಣ ಅಯಾನುಗಳಾಗಿಸುತ್ತವೆ. ದಾರಿಯಲ್ಲಿ ಸಿಕ್ಕ ಧೂಳಿನ ಕಣದ ಮೇಲೆ ಇಂತಹ ಅಯಾನುಗಳು ನೂರಾರು ಬಂದು ಕೂರುತ್ತವೆ. ಹೀಗೆ ವಿದ್ಯುತ್ತಿನ ಹೊರೆ ಹೊತ್ತ ಕಣವು ಹರಿವಿಗೆ ಅಡ್ಡಲಾಗಿ ಸರಿದು ತಗಡಿಗೆ ಅಂಟಿಕೊಳ್ಳುತ್ತದೆ. ಆಗಾಗ ಸುತ್ತಿಗೆಯಿಂದ ತಗಡನ್ನು ತಟ್ಟಿದರೆ ಧೂಳು ಪದರ ಪದರವಾಗಿ ಕಳಚಿ ಬುಡದ ತೊಟ್ಟಿಗೆ ಬೀಳುತ್ತದೆ.

ಈ ವಿಧಾನದ ಅಗ್ಗತನಕ್ಕೆ ಒಂದು ಕಾರಣವಿದೆ. ಬಟ್ಟೆಯಲ್ಲಿ ಸೋಸುವಾಗ ಇಡೀ ಅನಿಲರಾಶಿಯನ್ನು ಸಣ್ಣ ರಂಧ್ರಗಳ ಮೂಲಕ ನೂಕಬೇಕು. ಇಲ್ಲಿ ಬಲವೆಲ್ಲವೂ ಬೀಳುವುದು ಕಣಗಳ ಮೇಲೆಯೇ. ಅನಿಲವು ತನ್ನ ಪಾಡಿಗೆ ತಾನು ಹರಿದುಹೋಗುತ್ತದೆ. ಮನೆಯನ್ನೆಲ್ಲ ಅಲುಗಾಡಿಸದೆ ಕಸವನ್ನು ಮಾತ್ರ ಹೊರಗೆ ಹಾಕಿದಂತೆ.

ಮೊಕದ್ದಮೆಗಳು ತಂದ ಗಿರಾಕಿಗಳು

೧೯೦೭ರಲ್ಲಿ ಕಾಟ್ರೆಲ್ ಮತ್ತು ಆತನ ಕೆಲವು ಮಿತ್ರರು ವೆಸ್ಟರ್ನ್ ಪ್ರೆಸಿಪಿಟೇಷನ್ ಕಂಪನಿಯನ್ನು ಸ್ಥಾಪಿಸಿದರು. ಅದರ ಮೊದಮೊದಲ ಗಿರಾಕಿಗಳು ವಿಜ್ಞಾನದ ಮೇಲಿನ ಪ್ರೀತಿಯಿಂದ ಬಂದವರಲ್ಲ. ಕೊಲ್ಲಿಯ ದಡದ ಸೆಲ್ಬಿ ಎಂಬ ಸೀಸ ಬೆಳ್ಳಿಗಳ ಕಾರ್ಖಾನೆಯ ಮೇಲೆ ಆಚೆ ದಡದ ಜನರು ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಚಿನ್ನದಿಂದ ಬೆಳ್ಳಿಯನ್ನು ಬೇರ್ಪಡಿಸಲು ಅಲ್ಲಿ ಗಂಧಕಾಮ್ಲವನ್ನು ಕುದಿಸುತ್ತಿದ್ದರು. ಕಡಾಯಿಗಳಿಂದೇಳುವ ಬಿಳಿಯ ಆಮ್ಲದ ಮಂಜು ಊರಿಗೆ ನುಗ್ಗುತ್ತಿತ್ತು. ಕಾಟ್ರೆಲನ ಉಪಕರಣಕ್ಕೆ ವಿದ್ಯುತ್ತು ಕೊಟ್ಟೊಡನೆ ಆ ಬಿಳಿಯ ಮೋಡ ನಿಂತಿತು. ಹಿಡಿದ ಆಮ್ಲ ದ್ರವವಾಗಿ ಕೆಳಗೆ ಹರಿಯಿತು.

ಎಲ್ಲ ಕಡೆಯೂ ಹೀಗಾಗಲಿಲ್ಲ. ಅದೇ ಪ್ರಾಂತದ ಉತ್ತರ ಭಾಗದ ಬಾಲಕ್ಲಾಲ ಎಂಬ ತಾಮ್ರದ ಕಾರ್ಖಾನೆಯಲ್ಲಿ ೧೯೧೦ರಲ್ಲಿ ಸ್ಥಾಪಿಸಿದ ದೊಡ್ಡ ಧೂಳುಗ್ರಾಹಕವು ದಿನಕ್ಕೆ ಟನ್ನುಗಟ್ಟಲೆ ಧೂಳನ್ನು ಹಿಡಿಯಿತು. ಆದರೆ ಬೆಳೆಗಳನ್ನು ಸುಡುತ್ತಿದ್ದುದು ಧೂಳೊಂದೇ ಅಲ್ಲ. ಗಂಧಕದ ಡೈಆಕ್ಸೈಡ್ ಅನಿಲವೂ ಹೌದು. ಅನಿಲಕ್ಕೆ ಕಣಗಳಿಲ್ಲ, ಅದು ತಗಡುಗಳ ನಡುವೆ ನಿರಾತಂಕವಾಗಿ ನುಸುಳಿಹೋಯಿತು. ೧೯೧೧ರಲ್ಲಿ ಆ ಕುಲುಮೆಗಳನ್ನು ಮುಚ್ಚಬೇಕಾಯಿತು. ಹೊಗೆ ಕಣ್ಣಿಗೆ ಕಾಣದಂತಾದರೆ ವಿಷವೆಲ್ಲ ಹೋಯಿತೆಂದು ತಿಳಿಯುವವರು ಇಂದಿಗೂ ಉಂಟು. ಅವರು ಬಾಲಕ್ಲಾಲವನ್ನು ನೆನೆಯಬೇಕು.

ಕ್ಯಾಲಿಫೋರ್ನಿಯದ ರಿವರ್‌ಸೈಡ್ ಸಿಮೆಂಟ್ ಕಾರ್ಖಾನೆಯ ಕಥೆ ಇನ್ನೂ ಸ್ವಾರಸ್ಯವಾದುದು. ಸುತ್ತಲೂ ಕಿತ್ತಳೆಯ ತೋಟಗಳು. ಎಲೆಯ ಮೇಲೂ ಹಣ್ಣಿನ ಮೇಲೂ ಸಿಮೆಂಟಿನ ಧೂಳು. ತೋಟಗಾರರು ಮೊಕದ್ದಮೆ ಹೂಡಿದರು. ಗೂಡಿನಿಂದ ಬರುವ ಹೊಗೆ ಹಿಂದೆಂದೂ ಕಾಣದಷ್ಟು ಬಿಸಿ. ಇದನ್ನು ನಿಭಾಯಿಸುವ ಹೊಣೆ ಕಾಟ್ರೆಲನ ಶಿಷ್ಯನೂ ವೆಸ್ಟರ್ನ್ ಕಂಪನಿಯ ಇಂಜಿನಿಯರನೂ ಆದ ವಾಲ್ಟರ್ ಷ್ಮಿಟ್‌ನ ಮೇಲೆ ಬಿದ್ದಿತು. ಜುಂಗಿನ ತಂತಿಯನ್ನು ಬಿಟ್ಟು, ಬರಿಯ ತೆಳುವಾದ ಲೋಹದ ತಂತಿಯೇ ಸಾಕೆಂದು ಆತನು ತೋರಿಸಿಕೊಟ್ಟನು. ೧೯೧೨ರ ಹೊತ್ತಿಗೆ ಅಲ್ಲಿಯ ಗೂಡುಗಳ ಹೊಗೆ ಹತೋಟಿಗೆ ಬಂದಿತು.

ಹಿಡಿದ ಧೂಳನ್ನು ಏನು ಮಾಡುವುದು? ಆಗ ಅದು ಬರಿಯ ಧೂಳು. ಎರಡೇ ವರ್ಷಗಳಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅಲ್ಲಿಯವರೆಗೆ ಅಮೆರಿಕದ ಹೊಲಗಳಿಗೆ ಬೇಕಾದ ಪೊಟ್ಯಾಷ್ ಗೊಬ್ಬರವು ಹೆಚ್ಚುಕಡಿಮೆ ಎಲ್ಲವೂ ಜರ್ಮನಿಯ ಗಣಿಗಳಿಂದ ಬರುತ್ತಿತ್ತು. ೧೯೧೫ರಲ್ಲಿ ಅದು ನಿಂತುಹೋಯಿತು. ಬೆಲೆ ಹತ್ತು ಪಟ್ಟು ಏರಿತು. ಸಿಮೆಂಟಿಗೆ ಹಾಕುವ ಜೇಡಿಮಣ್ಣಿನಲ್ಲಿ ಅಲ್ಪಸ್ವಲ್ಪ ಪೊಟ್ಯಾಸಿಯಂ ಇರುತ್ತದೆ. ಗೂಡಿನ ಸುಮಾರು ೧೪೦೦ ಡಿಗ್ರಿ ಸೆಂಟಿಗ್ರೇಡ್ ಕಾವಿಗೆ ಅದು ಆವಿಯಾಗಿ ಹೊರಟು, ತಣ್ಣಗಾದಾಗ ನವುರಾದ ಲವಣದ ಹುಡಿಯಾಗುತ್ತದೆ. ಅಂದರೆ ಮೊಕದ್ದಮೆಗೆ ಹೆದರಿ ಹಿಡಿದಿಟ್ಟ ಧೂಳಿನಲ್ಲಿಯೇ ದೇಶವು ಹುಡುಕುತ್ತಿದ್ದ ಗೊಬ್ಬರವಿತ್ತು! ರಿವರ್‌ಸೈಡ್ ಅದನ್ನು ಮಾರಿ ಲಾಭ ಗಳಿಸಿತು. ಬೇರೆ ಸಿಮೆಂಟ್ ಕಾರ್ಖಾನೆಗಳೂ ಧೂಳುಗ್ರಾಹಕಗಳಿಗಾಗಿ ಮುಂದೆ ಬಂದವು. ಯುದ್ಧ ಮುಗಿದು ಜರ್ಮನಿಯ ಪೊಟ್ಯಾಷ್ ಮತ್ತೆ ಬಂದೊಡನೆ ಈ ವ್ಯಾಪಾರ ಬಹುಮಟ್ಟಿಗೆ ಕುಸಿಯಿತು. ಧೂಳು ಅದೇ, ಅದರಲ್ಲಿದ್ದ ಪೊಟ್ಯಾಸಿಯಂ ಅದೇ. ಕಸವೋ ಸರಕೋ ಎಂಬುದನ್ನು ತೀರ್ಮಾನಿಸಿದ್ದು ಪೇಟೆಯ ಬೆಲೆ.

ಇಂತಹ ಕಂಪನಿಗಳು ಯಂತ್ರವನ್ನು ಮಾರಿ ಸುಮ್ಮನಾಗುವಂತಿರಲಿಲ್ಲ. ಒಂದು ಕಾರ್ಖಾನೆಯ ಹೊಗೆಯಂತೆ ಇನ್ನೊಂದರದು ಇರುವುದಿಲ್ಲ. ಪ್ರತಿಯೊಂದನ್ನೂ ಅಳೆದು, ಚಿಕ್ಕ ಮಾದರಿಯಲ್ಲಿ ಪರೀಕ್ಷಿಸಿ, ಅನಂತರವೇ ದೊಡ್ಡದನ್ನು ಕಟ್ಟಬೇಕು. ಈ ಅಳತೆಗಳಿಂದಲೇ ನಿಯಮವೊಂದು ಹೊರಬಿದ್ದಿತು. ವೆಸ್ಟರ್ನ್ ಕಂಪನಿಯ ಇವಾಲ್ಡ್ ಆಂಡರ್‌ಸನ್ ೧೯೧೯ರಲ್ಲಿ ಪ್ರಯೋಗಗಳಿಂದ ಅದನ್ನು ಕಂಡನು. ೧೯೨೨ರಲ್ಲಿ ಜರ್ಮನಿಯ ಡಾಯ್ಚ್ ಗಣಿತದಿಂದ ಅದನ್ನು ಸಾಧಿಸಿದನು. ಸರಳವಾಗಿ ಹೇಳುವುದಾದರೆ, ಒಂದು ಕೋಣೆ ನೂರು ಕಣಗಳಲ್ಲಿ ತೊಂಬತ್ತನ್ನು ಹಿಡಿದರೆ, ಅದರ ಹಿಂದೆ ಇಟ್ಟ ಅಷ್ಟೇ ದೊಡ್ಡ ಕೋಣೆ ಉಳಿದ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಮೂರನೆಯದು ಉಳಿದೊಂದರ ಹತ್ತನೆಯ ಒಂಬತ್ತು ಪಾಲನ್ನು. ಹೀಗೆ ೯೦ರಿಂದ ೯೯ಕ್ಕೆ, ೯೯ರಿಂದ ೯೯.೯ಕ್ಕೆ ಏರಲು ಪ್ರತಿ ಸಲವೂ ಮೊದಲಿನಷ್ಟೇ ಖರ್ಚು. ಕೊನೆಯ ಕೋಣೆ ಹಿಡಿಯುವ ಸರಕು ಅತ್ಯಲ್ಪ. ಅದನ್ನು ಮಾರಿ ಕೋಣೆಯ ಖರ್ಚನ್ನು ತೂಗಿಸುವುದು ಸಾಧ್ಯವಿಲ್ಲ. ಲಾಭಕ್ಕಾಗಿ ಧೂಳು ಹಿಡಿಯುವವನು ಮೊದಲನೆಯ ಕೋಣೆಯಲ್ಲಿಯೇ ನಿಲ್ಲುತ್ತಾನೆ. ಅವನನ್ನು ಮೂರನೆಯದರ ತನಕ ಕರೆದೊಯ್ಯಲು ಕಾನೂನೇ ಬೇಕು.

ಮಾಂಟಾನ ಪ್ರಾಂತದ ಅನಕೊಂಡ ತಾಮ್ರದ ಕಾರ್ಖಾನೆಯಲ್ಲಿ ಎರಡೂ ಕಾರಣಗಳು ಕೂಡಿದ್ದವು. ಅದರ ಹೊಗೆಯಿಂದ ಹುಲ್ಲುಗಾವಲಿನ ಮೇಲೆ ಆರ್ಸೆನಿಕ್ ಬಿದ್ದು ದನಕುದುರೆಗಳು ಸಾಯುತ್ತಿವೆಯೆಂದು ಕಣಿವೆಯ ರೈತರು ವರ್ಷಗಟ್ಟಲೆ ವ್ಯಾಜ್ಯವಾಡಿದರು. ಕೊನೆಗೆ ಅಲ್ಲಿ ದೊಡ್ಡ ಧೂಳುಗ್ರಾಹಕಗಳನ್ನು ಕಟ್ಟಿ, ಅವುಗಳಾಚೆ ೫೮೫ ಅಡಿ ಎತ್ತರದ ಹೊಗೆಗೊಳವೆಯನ್ನು ನಿಲ್ಲಿಸಿದರು. ೧೯೧೯ರಲ್ಲಿ ಸಿದ್ಧವಾದ ಆ ಕೊಳವೆ, ೧೯೮೦ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ನಿಂತಿದೆ. ಹಿಡಿದ ಆರ್ಸೆನಿಕ್‌ಗೆ ಕೂಡಲೇ ಗಿರಾಕಿ ಸಿಕ್ಕಿತು: ೧೯೨೦ರ ದಶಕದಲ್ಲಿ ಹತ್ತಿಯ ಕಾಯಿ ಕೊರೆಯುವ ಕೀಟವನ್ನು ಕೊಲ್ಲಲು ಆರ್ಸೆನಿಕ್‌ನ ಲವಣವನ್ನು ಅಮೆರಿಕದ ದಕ್ಷಿಣದ ಹೊಲಗಳ ಮೇಲೆ ಚೆಲ್ಲುತ್ತಿದ್ದರು. ಒಂದು ಕಣಿವೆಯ ಹುಲ್ಲಿನಿಂದ ತಪ್ಪಿಸಿದ ವಿಷ ಇನ್ನೊಂದು ಸೀಮೆಯ ಬೆಳೆಯ ಮೇಲೆ ಬಿದ್ದಿತೆನ್ನಬೇಕು.

ಲಾಭವಿಲ್ಲದ ಕಂಪನಿ

ತನ್ನ ಪೇಟೆಂಟುಗಳಿಂದ ಕಾಟ್ರೆಲ್ ಕೋಟ್ಯಧೀಶನಾಗಬಹುದಿತ್ತು. ಆತನಿಗೆ ಬೇರೊಂದು ಚಿಂತೆಯಿತ್ತು. ತನ್ನ ಪ್ರಯೋಗಗಳಿಗೆ ಮಿತ್ರರು ಹಣ ಕೊಡದಿದ್ದರೆ ಅವು ಅರ್ಧಕ್ಕೇ ನಿಲ್ಲುತ್ತಿದ್ದವು. ಇತರ ಸಂಶೋಧಕರಿಗೆ ಅಂತಹ ಮಿತ್ರರು ಎಲ್ಲಿಂದ ಬರಬೇಕು? ಪೇಟೆಂಟುಗಳನ್ನು ವಿಜ್ಞಾನಕ್ಕೇ ದಾನ ಮಾಡಿ, ಅವುಗಳ ಆದಾಯದಿಂದ ಸಂಶೋಧನೆಯನ್ನು ಪೋಷಿಸಬೇಕೆಂದು ನಿಶ್ಚಯಿಸಿದನು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಚಾರ್ಲ್ಸ್ ವಾಲ್ಕಾಟ್ ಇದನ್ನು ಮೆಚ್ಚಿದನಾದರೂ, ಅಂತಹ ವಿದ್ಯಾಸಂಸ್ಥೆ ವ್ಯಾಪಾರಕ್ಕಿಳಿಯುವುದು ಉಚಿತವಲ್ಲವೆಂಬ ಅಭಿಪ್ರಾಯ ಬಂದಿತು. ಹೀಗಾಗಿ ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ ರಿಸರ್ಚ್ ಕಾರ್ಪೊರೇಷನ್ ಎಂಬ ವಿಲಕ್ಷಣ ಸಂಸ್ಥೆ ಹುಟ್ಟಿತು. ಅದು ಧೂಳುಗ್ರಾಹಕಗಳನ್ನು ರೂಪಿಸಿ, ಕಟ್ಟಿ, ಹಣ ಗಳಿಸುವ ಇಂಜಿನಿಯರಿಂಗ್ ಕಂಪನಿ. ಆದರೆ ಷೇರುದಾರರಿಗೆ ಲಾಭಾಂಶ ಹಂಚುವಂತಿರಲಿಲ್ಲ. ಮಿಕ್ಕ ಹಣವೆಲ್ಲ ವಿಜ್ಞಾನಕ್ಕೆ. ಪಶ್ಚಿಮದ ಪ್ರಾಂತಗಳ ವ್ಯವಹಾರ ಮಾತ್ರ ವೆಸ್ಟರ್ನ್ ಕಂಪನಿಯ ಕೈಯಲ್ಲುಳಿಯಿತು. ಕಾಟ್ರೆಲ್ ತಾನು ಸರಕಾರದ ಗಣಿ ಇಲಾಖೆಯ ಸಂಬಳದ ನೌಕರನಾದನು.

೧೯೩೧ರಲ್ಲಿ ಬರ್ಕ್ಲಿಯ ತರುಣ ಪ್ರಾಧ್ಯಾಪಕ ಅರ್ನೆಸ್ಟ್ ಲಾರೆನ್ಸನಿಗೆ ೮೦ ಟನ್ ತೂಕದ ಹಳೆಯ ವಿದ್ಯುತ್ಕಾಂತವೊಂದು ಸಿಗುವಂತಿತ್ತು. ಅದನ್ನು ಪರಮಾಣು ಸಂಶೋಧನೆಯ ಸೈಕ್ಲೋಟ್ರಾನ್ ಯಂತ್ರವಾಗಿ ಮಾರ್ಪಡಿಸಲು ಹಣವಿರಲಿಲ್ಲ. ರಿಸರ್ಚ್ ಕಾರ್ಪೊರೇಷನ್ ೫,೦೦೦ ಡಾಲರುಗಳನ್ನು ಕೊಟ್ಟಿತು. ಕುಲುಮೆಗಳ ಹೊಗೆಯಿಂದ ಬಂದ ಹಣ ಪರಮಾಣುವಿನ ಗರ್ಭವನ್ನು ಭೇದಿಸಲು ನೆರವಾಯಿತು. ೧೯೩೯ರಲ್ಲಿ ಲಾರೆನ್ಸನಿಗೆ ನೊಬೆಲ್ ಬಹುಮಾನ ಬಂದಿತು. ಕಾಟ್ರೆಲ್ ೧೯೪೮ರಲ್ಲಿ, ಬರ್ಕ್ಲಿಯಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಕುಳಿತಿದ್ದಾಗಲೇ ಮರಣ ಹೊಂದಿದನು. ೧೯೫೪ರಲ್ಲಿ ಧೂಳುಗ್ರಾಹಕಗಳ ವ್ಯಾಪಾರವನ್ನು ರಿಸರ್ಚ್-ಕಾಟ್ರೆಲ್ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿದರು. ಸಂಶೋಧನೆಗೆ ಧನಸಹಾಯ ಮಾಡುವ ಮೂಲಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ.

ನಮ್ಮ ನಾಡಿನಲ್ಲಿ ಈ ಉಪಕರಣವನ್ನು ನೋಡಬೇಕೆನ್ನುವವರು ರಾಯಚೂರಿನ ಬಳಿಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಡದ ಶಾಖವಿದ್ಯುತ್ ಕೇಂದ್ರಕ್ಕೆ ಹೋಗಬಹುದು. ಕುಲುಮೆಗೂ ಹೊಗೆಗೊಳವೆಗೂ ನಡುವೆ ಇರುವ, ಮನೆಗಳಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಗಳೇ ಧೂಳುಗ್ರಾಹಕಗಳು. ಭಾರತದ ವಿದ್ಯುತ್ ಕೇಂದ್ರಗಳು ಉರಿಸುವ ಕಲ್ಲಿದ್ದಲಿನಲ್ಲಿ ನೂರಕ್ಕೆ ೩೦ರಿಂದ ೪೫ ಪಾಲು ಬೂದಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹೊಗೆಯೊಡನೆ ಹಾರುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಮೆ; ಇದು ಗಾಳಿಗೆ ಒಳ್ಳೆಯದಾದರೂ ಧೂಳುಗ್ರಾಹಕಕ್ಕೆ ತೊಂದರೆ. ಗಂಧಕದಿಂದ ಹುಟ್ಟುವ ಆಮ್ಲದ ತೆಳು ಲೇಪವಿಲ್ಲದ ಬೂದಿಯು ವಿದ್ಯುತ್ತನ್ನು ತನ್ನ ಮೂಲಕ ಹರಿಯಗೊಡುವುದಿಲ್ಲ. ತಗಡಿನ ಮೇಲೆ ಕುಳಿತ ಪದರದಲ್ಲಿ ವಿದ್ಯುತ್ತು ಶೇಖರವಾಗಿ, ಕೊನೆಗೆ ಪದರವೇ ಕಿಡಿಕಾರಿ ವಿರುದ್ಧ ಅಯಾನುಗಳನ್ನು ಹಿಂದಕ್ಕೆಸೆಯುತ್ತದೆ. ಆದುದರಿಂದ ಇಲ್ಲಿಯ ಪೆಟ್ಟಿಗೆಗಳನ್ನು ಹೊರದೇಶಗಳಿಗಿಂತ ದೊಡ್ಡದಾಗಿ ಕಟ್ಟಬೇಕಾಗುತ್ತದೆ. ಕೆಲವೆಡೆ ಹೊಗೆಗೆ ಸ್ವಲ್ಪ ಅಮೋನಿಯವನ್ನೋ ಗಂಧಕದ ಟ್ರೈಆಕ್ಸೈಡನ್ನೋ ಬೆರೆಸುವುದೂ ಉಂಟು.

ಹಿಡಿದ ಬೂದಿಯನ್ನು ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಟ್ಟರೆ ಅದು ಕಸ. ಒಣಗಿದಂತೆಯೇ ಸಿಮೆಂಟ್ ಕಾರ್ಖಾನೆಗೆ ಕಳುಹಿಸಿದರೆ ಸರಕು: ಪೋರ್ಟ್‌ಲೆಂಡ್ ಪೊಜೊಲಾನ ಸಿಮೆಂಟಿನಲ್ಲಿ ನೂರಕ್ಕೆ ೧೫ರಿಂದ ೩೫ ಪಾಲಿನವರೆಗೆ ಹಾರುಬೂದಿಯನ್ನು ಸೇರಿಸಲು ಭಾರತೀಯ ಮಾನಕವು ಅವಕಾಶ ಕೊಡುತ್ತದೆ. ಸಾಲಾಗಿ ಜೋಡಿಸಿದ ಪೆಟ್ಟಿಗೆಗಳಲ್ಲಿ ಮೊದಲನೆಯದಕ್ಕೆ ಬೀಳುವ ಬೂದಿ ಹೆಚ್ಚು, ಆದರೆ ಒರಟು. ಹಿಂದೆ ಹಿಂದೆ ಹೋದಂತೆಲ್ಲ ಬೂದಿ ಕಡಮೆಯಾಗುತ್ತ, ನಯವಾಗುತ್ತ ಹೋಗುತ್ತದೆ. ಸುಣ್ಣದೊಡನೆ ಬೇಗ ಕೂಡಿಕೊಂಡು ಗಟ್ಟಿಯಾಗುವುದು ಈ ನಯವಾದ ಬೂದಿಯೇ ಆದುದರಿಂದ, ಕೊನೆಯ ಪೆಟ್ಟಿಗೆಗಳ ತೊಟ್ಟಿಗಳಿಂದ ಇಳಿಯುವ ಬೂದಿಯನ್ನೇ ಕಾಂಕ್ರೀಟು ಮಾಡುವವರು ಹೆಚ್ಚಾಗಿ ಬಯಸುತ್ತಾರೆ.